ಮನೆಯವರೇ ಪತ್ತೇದಾರರಾದ್ರೆ?

ಅರಸೀಕೆರೆಯಲ್ಲಿ ಬಸ್ ಹತ್ತಿ, ಜಾವಗಲ್, ಹಳೇಬೀಡು ದಾಟಿ ಬೇಲೂರಲ್ಲಿ ಇಳಿಯೋಷ್ಟರಲ್ಲಿ, ಯಾರ ಪಕ್ಕ ಕೂತಿದ್ರಿ ಅನ್ನೋ ಸುದ್ದಿ ಮನೆ ಮುಟ್ಟಿರುತ್ತೆ. ಅದಕ್ಕೇ ಲೀಸಾ ಲುಟ್ಜ್ ಅವರ 'ದಿ ಸ್ಪೆಲ್‌ಮನ್ ಫೈಲ್ಸ್' ನಮಗೆ ಬೇಗ ಹಿಡಿಸುತ್ತೆ. 2007ರಲ್ಲಿ ಶುರುವಾದ ಸರಣಿ, ಊರು ಸ್ಯಾನ್ ಫ್ರಾನ್ಸಿಸ್ಕೋ, ಮನೆತನದ ಕಸುಬೇ ಪತ್ತೇದಾರಿಕೆ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕಳ್ಳರ ಬೆನ್ನು ಹತ್ತಿದ. ಇಲ್ಲಿ ಅಪ್ಪ-ಅಮ್ಮ ಮಗಳು ಇಜ್ಜಿಯ ಬೆನ್ನು ಹತ್ತೋಕೆ ಚಿಕ್ಕ ಮಗಳು ರೇಯನ್ನೇ ಬಿಡ್ತಾರೆ! ನಕ್ಕು ನಕ್ಕು ಸಾಕಾಗುತ್ತೆ. ಆದ್ರೆ ಎಲ್ಲರೂ ಎಲ್ಲರ ಮೇಲೂ ಕಣ್ಣಿಟ್ಟಿರೋ ಆ ಮನೆಯಲ್ಲೇ ಒಂದು ದಿನ ರೇ ಕಾಣೆಯಾಗ್ತಾಳೆ.

ಲೈವ್ ಲೊಕೇಶನ್ ಇದ್ರೆ ಮಗಳು ಎಲ್ಲಿದ್ದಾಳೆ ಅಂತ ಗೊತ್ತಾಗುತ್ತೆ. ಹೇಗಿದ್ದಾಳೆ ಅನ್ನೋದು? ಅವಳನ್ನೇ ಕೇಳ್ಬೇಕು.