ಬೇಡ ಎನ್ನುವ ಮುನ್ನ

ಮನೆಯೊಳಗೆ ಬಿಟ್ಟು ಸಾಕಿದ ಮೊಲ ಚಾರ್ಜರ್ ವೈರ್ ಕತ್ತರಿಸುತ್ತದೆ, ಬಾಗಿಲ ಚೌಕಟ್ಟು ಕಡಿಯುತ್ತದೆ. ಹಠಮಾರಿ ಎಂದು ಗದರುತ್ತೇವೆ. ಆದರೆ ಅದರ 28 ಹಲ್ಲುಗಳೂ ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತವೆ. ಸವೆಯದಿದ್ದರೆ ಮೊಲ ಮೇವು ತಿನ್ನಲಾಗದೆ ನರಳುತ್ತದೆ. ಕಡಿಯುವುದು ಅದರ ಹುಟ್ಟುಗುಣ. ಬೇಸರವಾದರೆ ಇನ್ನೂ ಹೆಚ್ಚು.

ಹೊಡೆದರೆ ಅದು ಕಲಿಯುವುದು ಭಯವನ್ನಷ್ಟೇ. ವೈರನ್ನು ಗಟ್ಟಿ ಪೈಪಿನೊಳಗೆ ತೂರಿಸಿ, ಇಲ್ಲವೇ ಎತ್ತರಕ್ಕೆ ಕಟ್ಟಿ. ದಿನವಿಡೀ ಒಣಹುಲ್ಲು ಸಿಗಲಿ. ಹಲ್ಲು ಸವೆಸುವುದು ಮುಖ್ಯವಾಗಿ ಅದೇ. ಔಷಧಿ ಹೊಡೆಯದ ಹಿಪ್ಪುನೇರಳೆ ಕಡ್ಡಿ ಕೊಟ್ಟು ನೋಡಿ, ತೊಗಟೆಯನ್ನು ಎಳೆ ಎಳೆಯಾಗಿ ಸುಲಿಯುತ್ತಾ ಕೂರುತ್ತದೆ. ರಟ್ಟಿನ ಡಬ್ಬವೂ ಆದೀತು.

ಯಾವ ಜೀವಕ್ಕೇ ಆಗಲಿ, ಬೇಡ ಎನ್ನುವ ಮುನ್ನ ಬೇಕಾದುದನ್ನು ಕೊಡೋಣ. ನಮ್ಮ ಮಕ್ಕಳಿಗೂ ಈ ಮಾತು ಸಲ್ಲುತ್ತದೆ.