ಹಿಮದ ಕಾಳಗದಲ್ಲಿ ಒಂಟಿ ಬೆಟಾಲಿಯನ್‌ಗಳು



ಎರಡನೆಯ ಮಹಾಯುದ್ಧದ ಚಿತ್ರಗಳನ್ನು ನೀವು ಕಿರುತೆರೆಯಲ್ಲಿ ನೋಡಿರುತ್ತೀರಿ. ಅವುಗಳಲ್ಲಿ ಎದ್ದು ಕಾಣುವವರು ದಂಡನಾಯಕರು, ಅವರ ದೊಡ್ಡ ದೊಡ್ಡ ಸೇನೆಗಳು. ಇಂದು ನಾನು ಹೇಳಹೊರಟಿರುವುದು ಅಂಥ ಯಾವ ದೊಡ್ಡ ವಿಭಾಗಕ್ಕೂ ಸೇರದ ಕೆಲವು ಚಿಕ್ಕ ಪಡೆಗಳ ವಿಷಯ.

1944ರ ಡಿಸೆಂಬರ್ 16ರ ಮುಂಜಾನೆ, ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್‌ಗಳಲ್ಲಿ ಹಬ್ಬಿರುವ ಆರ್ಡೆನ್ ಕಾಡುಗುಡ್ಡಗಳಲ್ಲಿ ಜರ್ಮನ್ ಸೇನೆ ಅನಿರೀಕ್ಷಿತ ದಾಳಿ ನಡೆಸಿತು. ಮ್ಯೂಸ್ ನದಿಯನ್ನು ದಾಟಿ ಆಂಟ್‌ವರ್ಪ್ ಬಂದರನ್ನು ಹಿಡಿಯುವುದು ಹಿಟ್ಲರನ ಗುರಿ. ಅಮೆರಿಕನ್ನರ ರಕ್ಷಣಾ ರೇಖೆ ಹಿಂದಕ್ಕೆ ಬಾಗಿ, ನಕ್ಷೆಯಲ್ಲಿ ಉಬ್ಬಿನಂತೆ ಕಂಡಿತು. ಆದ್ದರಿಂದ ಇದಕ್ಕೆ ಬಲ್ಜ್ ಕದನವೆಂದು ಹೆಸರು. ಬಲ್ಜ್ ಎಂದರೆ ಉಬ್ಬು.

ಅಮೆರಿಕದ ಒಂದು ಪದಾತಿ ಡಿವಿಜನ್‌ನಲ್ಲಿ ಸುಮಾರು 14,000 ಯೋಧರಿದ್ದರು. ಬೆಟಾಲಿಯನ್‌ನಲ್ಲಿ ಇರುತ್ತಿದ್ದುದು ಕೆಲವು ನೂರು ಮಂದಿ. ಅನೇಕ ಬೆಟಾಲಿಯನ್‌ಗಳು ಡಿವಿಜನ್‌ನ ಅಂಗಗಳು. ಆದರೆ ಎಂಜಿನಿಯರ್, ಫಿರಂಗಿ, ಟ್ಯಾಂಕ್ ಮೊದಲಾದ ಕೆಲವು ಬೆಟಾಲಿಯನ್‌ಗಳು ಸ್ವತಂತ್ರವಾಗಿದ್ದವು. ಅಗತ್ಯ ಬಿದ್ದ ಕಡೆಗೆ ಅವನ್ನು ತಾತ್ಕಾಲಿಕವಾಗಿ ಜೋಡಿಸುತ್ತಿದ್ದರು.

ಜರ್ಮನ್ನರ ದಾಳಿ ನಿಂತಿದ್ದುದು ಕಾಲದ ಲೆಕ್ಕದ ಮೇಲೆ. ಇಂಧನ ಅಲ್ಪ, ರಸ್ತೆಗಳು ಕಿರಿದು, ಮೋಡ ಚದುರಿದರೆ ಶತ್ರುವಿಮಾನಗಳ ಭಯ. ಕೆಲವೇ ದಿನಗಳಲ್ಲಿ ನದಿ ದಾಟದಿದ್ದರೆ ಯೋಜನೆಯೇ ವಿಫಲ. ಮುಂಚೂಣಿಯಲ್ಲಿ ಪೈಪರ್ ಎಂಬ ಎಸ್.ಎಸ್. ಅಧಿಕಾರಿಯ ಟ್ಯಾಂಕ್ ಪಡೆ ನುಗ್ಗುತ್ತಿತ್ತು.

ಅವನ ದಾರಿಗೆ ಅಡ್ಡವಾದವರು ಅದುವರೆಗೆ ರಸ್ತೆ ದುರಸ್ತಿ ಮಾಡುತ್ತ, ಮರ ಕೊಯ್ಯುತ್ತ ಇದ್ದ ಎಂಜಿನಿಯರ್ ಸೈನಿಕರು. ಡಿಸೆಂಬರ್ 18ರಂದು ತ್ರ್ವಾ-ಪೋಂ ಎಂಬ ಊರಿನ ಸೇತುವೆಗಳನ್ನು 51ನೆಯ ಮತ್ತು 291ನೆಯ ಎಂಜಿನಿಯರ್ ಬೆಟಾಲಿಯನ್‌ಗಳವರು ಸಿಡಿಮದ್ದಿಟ್ಟು ಉರುಳಿಸಿದರು. ಪೈಪರ್ ಬೇರೆ ದಾರಿ ಹಿಡಿದ. ಅಂದೇ ಸಂಜೆ ಲಿಯೆನ್ ಹೊಳೆಯ ಬಳಿ ಬಂದಾಗ, ಅಲ್ಲಿನ ಸೇತುವೆಯನ್ನೂ 291ನೆಯವರು ಅವನ ಟ್ಯಾಂಕುಗಳ ಕಣ್ಣೆದುರೇ ಸಿಡಿಸಿದರು. ಭಾರವಾದ ಟ್ಯಾಂಕುಗಳನ್ನು ತಡೆಯಬಲ್ಲ ಇನ್ನೊಂದು ಸೇತುವೆ ಹತ್ತಿರ ಸಿಗಲಿಲ್ಲ. ಇಂಧನ ತೀರಿ, ಡಿಸೆಂಬರ್ 24ರಂದು ವಾಹನಗಳನ್ನೆಲ್ಲ ತೊರೆದು ಸುಮಾರು 800 ಮಂದಿಯೊಡನೆ ಅವನು ಕಾಲ್ನಡಿಗೆಯಲ್ಲಿ ಹಿಂದೆ ಸರಿದ.

ಮುತ್ತಿಗೆಗೆ ಸಿಕ್ಕಿದ್ದ ಬಾಸ್ಟೋನ್ ಪಟ್ಟಣದಲ್ಲೂ ಇಂಥ ಪಡೆಗಳಿದ್ದವು. ಅಲ್ಲಿ 155 ಮಿಲಿಮೀಟರ್ ಫಿರಂಗಿಗಳನ್ನು ಹಾರಿಸುತ್ತಿದ್ದ 969ನೆಯ ಬೆಟಾಲಿಯನ್‌ನ ಯೋಧರು ಆಫ್ರಿಕನ್ ಮೂಲದ ಅಮೆರಿಕನ್ನರು. ಅಂದಿನ ಅಮೆರಿಕದ ಸೇನೆ ಅವರನ್ನು ಬಿಳಿಯರಿಂದ ಬೇರೆಯಾಗಿಯೇ ಇರಿಸಿತ್ತು. ಆ ನೀತಿಯನ್ನು ಕೊನೆಗಾಣಿಸುವ ಆದೇಶ ಹೊರಟದ್ದು 1948ರಲ್ಲಿ. ಆದರೂ ಬಾಸ್ಟೋನ್ ರಕ್ಷಣೆಗಾಗಿ ಈ ಪಡೆಗೆ ವಿಶೇಷ ಗೌರವ ದೊರೆಯಿತು.

ಎಲ್ಲರಿಗೂ ಈ ಅದೃಷ್ಟವಿರಲಿಲ್ಲ. 551ನೆಯ ಪ್ಯಾರಾಚೂಟ್ ಬೆಟಾಲಿಯನ್ 1945ರ ಜನವರಿ 7ರಂದು ರೋಶೆಲಿನ್‌ವಾಲ್ ಎಂಬ ಹಳ್ಳಿಯನ್ನು ಗೆದ್ದಿತು. ಜನವರಿ ಆರಂಭದಲ್ಲಿ ಹಿಮದೊಳಗೆ ಹೊರಟ ಸುಮಾರು 640 ಮಂದಿಯಲ್ಲಿ ಕೊನೆಗೆ ನಿಲ್ಲಲು ಶಕ್ತರಾಗಿದ್ದವರು ಸುಮಾರು 110 ಮಾತ್ರ. ಗುಂಡಿನಷ್ಟೇ ಚಳಿಯೂ ಅವರನ್ನು ಕಾಡಿತ್ತು. ದಳಪತಿ ವುಡ್ ಜೋರ್ಗ್ ಅಂದೇ ಮಡಿದರು. ಬೆಟಾಲಿಯನ್ನನ್ನು ಬೇಗನೆ ವಿಸರ್ಜಿಸಿ, ಉಳಿದವರನ್ನು ಬೇರೆ ಪಡೆಗಳಿಗೆ ಹಂಚಲಾಯಿತು. ತನ್ನದೆಂದು ಹೇಳಿಕೊಳ್ಳುವ ಡಿವಿಜನ್ ಇಲ್ಲದ ಪಡೆಯ ಕಥೆಯನ್ನು ಬರೆದಿಡುವವರು ಯಾರು? ಅಧ್ಯಕ್ಷೀಯ ಗೌರವ ಬಂದದ್ದು 2001ರಲ್ಲಿ, 56 ವರ್ಷಗಳ ನಂತರ. ಅಷ್ಟರಲ್ಲಿ ಅನೇಕರು ತೀರಿಕೊಂಡಿದ್ದರು.

ಈ ಚಿಕ್ಕ ಪಡೆಗಳೇ ಯುದ್ಧ ಗೆದ್ದವೆಂದರೆ ಅತಿಶಯೋಕ್ತಿಯಾದೀತು. ದೊಡ್ಡ ಸೇನೆಗಳು ಬಂದು ಸೇರುವವರೆಗೆ ಅವು ಗಂಟೆಗಳನ್ನೂ ದಿನಗಳನ್ನೂ ಸಂಪಾದಿಸಿಕೊಟ್ಟವು. ಇನ್ನು ಮುಂದೆ ಯುದ್ಧದ ಇತಿಹಾಸ ಓದುವಾಗ, ಬೆಟಾಲಿಯನ್ನಿನ ಒಂದು ಸಂಖ್ಯೆ ಕಣ್ಣಿಗೆ ಬಿದ್ದರೆ ದಾಟಿ ಹೋಗಬೇಡಿ. ಆ ಅಂಕಿಯ ಹಿಂದೆ ಕೆಲವು ನೂರು ಮನೆಗಳ ಮಕ್ಕಳಿದ್ದಾರೆ.