ಮನೆಯವರಿಗೂ ಹೇಳದ ಸಾಲ
(ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಿಂದ ಮಳೆಯಲ್ಲಿ ನೆನೆದುಕೊಂಡು ಬಂದಿದ್ದೀರಿ. ಕಾಫಿ ಆಯ್ತಲ್ಲ? ಇವತ್ತು ಕಾಫಿಯಿಂದಲೇ ಹೆಸರಾದ ಒಬ್ಬರ ವಿಷಯ ಮಾತಾಡೋಣ ಅಂತ ಬಂದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ವಿ.ಜಿ. ಸಿದ್ಧಾರ್ಥ.

ಮೂಡಿಗೆರೆ ತಾಲ್ಲೂಕಿನ ಚೇತನಹಳ್ಳಿಯ ತೋಟದ ಮನೆಯವರು. ತಂದೆ ಗಂಗಯ್ಯ ಹೆಗ್ಡೆ, ಕಾಫಿ ಬೆಳೆಗಾರರು. ಓದು ಮುಗಿಸಿ ಮುಂಬೈಯಲ್ಲಿ ಶೇರು ವ್ಯವಹಾರ ಕಲಿತು ಬಂದರು. ಸ್ವಂತ ವ್ಯವಹಾರಕ್ಕೆ ತಂದೆಯೇ ಬಂಡವಾಳ ಕೊಟ್ಟರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಆಮೇಲೆ ಅದು ದೇಶದ ಊರೂರಿಗೆ ಹೋಯಿತು. ಮಲೆನಾಡಿನ ಎಷ್ಟೋ ಹಳ್ಳಿ ಹುಡುಗ ಹುಡುಗಿಯರು ಅಲ್ಲಿ ಸಮವಸ್ತ್ರ ಹಾಕಿ ಕೆಲಸ ಕಲಿತರು. ಬೆಳೆಗಾರರು ಅವರನ್ನು "ನಮ್ಮ ಸಿದ್ಧಾರ್ಥ" ಅಂತಲೇ ಹೇಳೋದು. ಪತ್ನಿ ಮಾಳವಿಕಾ, ಮಾಜಿ ಮುಖ್ಯಮಂತ್ರಿ ದಿವಂಗತ ಎಸ್.ಎಂ. ಕೃಷ್ಣ ಅವರ ಮಗಳು. ಇಬ್ಬರು ಗಂಡು ಮಕ್ಕಳು.

2019ರ ಜುಲೈ 29ರಂದು ಅವರು ಮಂಗಳೂರಿನ ಹತ್ತಿರ ಕಾಣೆಯಾದರು. 31ರಂದು ದೇಹ ಸಿಕ್ಕಿತು. ಅವತ್ತು ಚಿಕ್ಕಮಗಳೂರಿನಲ್ಲಿ ಅಂಗಡಿ ಬಾಗಿಲು ಹಾಕಿದರು, ತೋಟಗಳಿಗೆ ರಜೆ ಕೊಟ್ಟರು. ತಂದೆ ಮೈಸೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಮಗ ಹೋದದ್ದು ತಿಳಿಯದೆಯೇ ಆಗಸ್ಟ್‌ನಲ್ಲಿ ಅವರೂ ತೀರಿಕೊಂಡರು.

ಅವರು ಬರೆದದ್ದೆನ್ನಲಾದ ಒಂದು ಪತ್ರ ಪೇಪರಿನಲ್ಲಿ ಬಂತು. ಸಾಲಗಾರರ ಒತ್ತಡ ತಡೆಯಲಾಗಲಿಲ್ಲ, ಈ ವ್ಯವಹಾರಗಳ ವಿಷಯ ಮನೆಯವರಿಗೂ ಹೇಳಿರಲಿಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಅದನ್ನು ಓದಿ ನಾನು ಪೇಪರು ಮಡಚಿಟ್ಟೆ. ಅವರನ್ನು ದೇವರ ಮಾಡಿ ತೋರಿಸಲು ನಾನು ಬಂದಿಲ್ಲ. ಕಂಪನಿಯ ದುಡ್ಡನ್ನು ತಮ್ಮದೇ ಇನ್ನೊಂದು ಸಂಸ್ಥೆಗೆ ಹಾಕಿದ್ದು, ಸುಮಾರು 2,700 ಕೋಟಿ, ಆಮೇಲೆ ತನಿಖೆಯಲ್ಲಿ ಬಂತು. ತಪ್ಪು ತಪ್ಪೇ. ಆದರೆ ಅಷ್ಟು ಜನ ಪ್ರೀತಿಸಿದ ಮನುಷ್ಯ, ಅಷ್ಟು ದೊಡ್ಡ ಮನೆ, ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲವಲ್ಲ!

ನಮ್ಮ ಸಂಘಗಳಲ್ಲೂ ಇದೇ ಇದೆ. ಒಂದು ಮನೆಗೆ ಹೋಗಿದ್ದೆ. ಅಡಿಕೆ ಸುಲಿಯುತ್ತಾ ಕೂತಿದ್ದ ಆ ಅಕ್ಕ, ಅತ್ತೆ ಕೊಟ್ಟಿಗೆಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು: "ಸಿಸ್ಟರ್, ಸಂಘದ ಸಾಲ ಒಂದೇ ಅಲ್ಲ, ಇನ್ನೂ ಮೂರು ಕಡೆ ಇದೆ. ಇವರಿಗೆ ಗೊತ್ತಿಲ್ಲ." ಒಂದರ ಕಂತು ಕಟ್ಟಲು ಇನ್ನೊಂದು ತೆಗೆದದ್ದು. ವಾರದ ಕಂತಿನವರು ಬರುವ ದಿನ ಅವಳು ತೋಟದಲ್ಲಿ ಅಡಗಿ ಕೂರುತ್ತಿದ್ದಳಂತೆ. ನಾವು ನಾಲ್ಕು ಜನ ಗಂಡನ ಜೊತೆ ಕೂತು ಲೆಕ್ಕ ಹಾಕಿದೆವು. ಮೊದಲು ಅವನು ರೇಗಿದ. ಆಮೇಲೆ ತಲೆ ತಗ್ಗಿಸಿ, ತನ್ನದೂ ಒಂದು ಕೈಸಾಲ ಇದೆ ಅಂದ!

ಕಾನೂನಿನ ಎರಡು ಮಾತು ತಿಳಿದಿರಲಿ. ಕಿರುಸಾಲ ಕೊಡುವಾಗ ಮನೆಯ ಎಲ್ಲಾ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು, ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕಾಡಬಾರದು ಅಂತ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕಿರುಸಾಲದ ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರವೂ ಕಾನೂನು ತಂದಿತು. ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ, ಒಬ್ಬರೇ ಬೇಡ, ಸಂಘದವರು ಸೇರಿ ಹೋಗಿ. ಜೀವವೇ ಬೇಡ ಅನ್ನಿಸುವ ರಾತ್ರಿ ಬಂದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾಳವಿಕಾ ಅವರ ವಿಷಯ ಹೇಳದೆ ಹೇಗೆ ಮುಗಿಸಲಿ? 2020ರ ಡಿಸೆಂಬರಿನಲ್ಲಿ ಅವರೇ ಕಂಪನಿಯ ಚುಕ್ಕಾಣಿ ಹಿಡಿದರು. ಆಸ್ತಿ ಮಾರಿ, ನಷ್ಟದ ಅಂಗಡಿ ಮುಚ್ಚಿ, ಸುಮಾರು 7,000 ಕೋಟಿ ಇದ್ದ ಸಾಲ 2021ರ ಮಾರ್ಚ್ ಹೊತ್ತಿಗೆ 2,000 ಕೋಟಿಗಿಂತ ಕೆಳಗೆ ಬಂದಿತ್ತು. ಕೋರ್ಟು ಕಚೇರಿ ಆಮೇಲೂ ತಪ್ಪಲಿಲ್ಲ. ಆದರೆ ಸಾಲ ಎಷ್ಟು ಅಂತ ಎಲ್ಲರೆದುರು ಇಟ್ಟುಕೊಂಡೇ ತೀರಿಸುತ್ತಾ ಬಂದರು. ಆ ಲೆಕ್ಕ ಗಂಡ ಇದ್ದಾಗಲೇ ಅವರ ಕೈಗೆ ಸಿಕ್ಕಿದ್ದರೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಸಂಘದ ಪ್ರತಿನಿಧಿಗಳು ನಿರ್ಣಯ ಪುಸ್ತಕ ತೆಗೆಯಿರಿ. ಕೊನೆಯ ಹಾಳೆಯಲ್ಲಿ ಹೆಸರು ಬೇಡ, ಸಂಖ್ಯೆ ಮಾತ್ರ ಬರೆಯೋಣ: ಸಂಘದ ಸಾಲ ಬಿಟ್ಟು ಬೇರೆ ಕಡೆ ಸಾಲ ಇರುವವರು ಎಷ್ಟು ಜನ, ಅದು ಮನೆಯಲ್ಲಿ ಗೊತ್ತಿಲ್ಲದವರು ಎಷ್ಟು ಜನ. ಚೀಟಿ ಹಂಚುತ್ತೇವೆ, ಬರೆದು ಮಡಚಿ ಕೊಡಿ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ.